ಕೋರ್ಟಿನ ತಾರೀಖು, ಕಾನೂನಿನ ತಾರೀಖು: ವ್ಯಾಪಾರದ ದಾವೆಗೆ ಡೈರಿ ಇಡುವ ಬಗೆ

"ಡೇಟ್ ಇನ್ನೂ ಎರಡ್ ತಿಂಗಳ ಐತ್ರಿ, ಅವಸರ ಏನಿಲ್ಲ." ಗೋಕುಲ ರೋಡಿನ ಪೈಪು-ಮೋಟರ್ ವ್ಯಾಪಾರಿಯೊಬ್ಬರು ಹೀಗಂದು ಕೋರ್ಟಿನ ಲಕೋಟೆಯನ್ನು ನಮ್ಮ ಟೇಬಲ್ ಮೇಲೆ ಇಟ್ಟರು. ಲಕೋಟೆ ಅವರ ಅಂಗಡಿಗೆ ಬಂದು ಆಗಲೇ 26 ದಿನವಾಗಿತ್ತು. ಸಮನ್ಸಿನಲ್ಲಿ ಬರೆದಿದ್ದ ಹಾಜರಾತಿ ತಾರೀಖಿಗೆ ಎರಡು ತಿಂಗಳು ಇದ್ದದ್ದು ನಿಜವೇ. ಆದರೆ ತಕರಾರು, ಅಂದರೆ ದಾವೆಗೆ ಲಿಖಿತ ಉತ್ತರ, ಸಲ್ಲಿಸುವುದಕ್ಕೆ ಕಾನೂನು ಕೊಟ್ಟಿರುವ 30 ದಿನದ ಎಣಿಕೆ ಲಕೋಟೆ ಕೈಗೆ ಬಂದಾಗಲೇ ಶುರುವಾಗಿತ್ತು. ಉಳಿದದ್ದು ನಾಲ್ಕೇ ದಿನ.

ನಾನು ವಕೀಲರ ಕಚೇರಿಯ ಗುಮಾಸ್ತ. ಡೈರಿ ಬರೆಯುವುದೇ ನನ್ನ ಕೆಲಸ. ಹೆಚ್ಚಿನ ಕೇಸು ಹುಬ್ಬಳ್ಳಿ-ಧಾರವಾಡದವು, ನಡುನಡುವೆ ಗದಗ, ಹಾವೇರಿ. ಇಷ್ಟು ವರ್ಷದ ಡೈರಿ ನೋಡಿ ಹೇಳುವುದಾದರೆ, ವ್ಯಾಪಾರಸ್ಥರು ಎಡವುವುದು ಒಂದೇ ಜಾಗದಲ್ಲಿ. ದಾವೆಯಲ್ಲಿ ತಾರೀಖು ಎರಡು ಥರ. ಒಂದನ್ನು ಜಡ್ಜ್ ಸಾಹೇಬರು ಕೊಡುತ್ತಾರೆ. ಅದನ್ನು ವಕೀಲರು ಹೇಳುತ್ತಾರೆ, ಮೊಬೈಲಿಗೆ ಮೆಸೇಜೂ ಬರುತ್ತದೆ. ಇನ್ನೊಂದನ್ನು ಕಾನೂನು ಕೊಡುತ್ತದೆ. ಅದನ್ನು ಯಾರೂ ಕೂಗಿ ಹೇಳುವುದಿಲ್ಲ, ಯಾವ ಮೆಸೇಜೂ ಬರುವುದಿಲ್ಲ. ಮೊದಲನೆಯದು ತಪ್ಪಿದರೆ ದಂಡ ಕಟ್ಟಿ ಬೇಡಿಕೊಳ್ಳಬಹುದು. ಎರಡನೆಯದು ತಪ್ಪಿದರೆ ಕೆಲವು ಕಡೆ ಬೇಡಿಕೊಳ್ಳಲಿಕ್ಕೂ ಬಾಗಿಲಿಲ್ಲ.

ಎದುರುಬದುರು ಎರಡು ಪುಟ

ಒಂದು ಕೇಸಿಗೆ ಲೆಕ್ಕದ ಪುಸ್ತಕದ ಎದುರುಬದುರು ಎರಡು ಪುಟ ಬಿಡಿ. ಜಮಾ-ಖರ್ಚು ಬರೆದ ಕೈಗೆ ಇದು ಹೊಸದಲ್ಲ. ಎಡಪುಟ ಕೋರ್ಟಿನ ತಾರೀಖಿಗೆ: ಯಾವ ದಿನ, ಯಾವ ಹಂತ, ಏನಾಯಿತು, ಮುಂದಿನ ತಾರೀಖು ಯಾವುದು. ಬಲಪುಟ ಕಾನೂನಿನ ತಾರೀಖಿಗೆ: ಯಾವ ಘಟನೆಯಿಂದ ಎಣಿಕೆ ಶುರು, ಎಷ್ಟು ದಿನ, ಕೊನೇ ದಿನ ಯಾವುದು, ಶುರುವಾದ ದಿನಕ್ಕೆ ಪುರಾವೆ ಏನು. ಕೊನೇ ದಿನದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅದಕ್ಕಿಂತ ಒಂದು ವಾರ ಮುಂಚಿನ ತಾರೀಖು ಬರೆಯಿರಿ. ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲರ ಬಾಯಲ್ಲಿ ಇರಬೇಕಾದದ್ದು ಕೆಂಪು ತಾರೀಖು. ಕೊನೇ ದಿನ ಗುಮಾಸ್ತನಿಗೆ ಗೊತ್ತಿದ್ದರೆ ಸಾಕು.

ಪುರಾವೆಯ ಅಂಕಣ ಬಿಡಬೇಡಿ. ಅದನ್ನು ಬಿಟ್ಟು ನಾನೇ ಒಮ್ಮೆ ಕೆಟ್ಟಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಎಣಿಸುವ ರೀತಿ ಸರಳ. ಘಟನೆ ನಡೆದ ದಿನವನ್ನು ಬಿಡಬೇಕು, ಮರುದಿನ ಒಂದು ಅಂತ ಹಿಡಿಯಬೇಕು. ತಿಂಗಳಿಗೆ 30 ದಿನ ಅಂತ ಬಾಯಿಲೆಕ್ಕ ಹಾಕದೆ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿ.

ದಾವೆ ಹಾಕುವ ಮೊದಲೇ ಓಡುವ ಗಡಿಯಾರ

ಮಾಲು ಕೊಟ್ಟು ಹಣ ಬಾರದಿದ್ದರೆ ದಾವೆಗೆ ಮೂರು ವರ್ಷ. ಇದು ಎಲ್ಲರಿಗೂ ಗೊತ್ತು. ಯಾವತ್ತಿನಿಂದ ಮೂರು ವರ್ಷ ಅನ್ನುವಲ್ಲಿ ಗೊಂದಲ. ಉದ್ರಿಗೆ ಇಷ್ಟು ದಿನ ಅಂತ ಗೊತ್ತು ಮಾಡಿರದಿದ್ದರೆ ಮಾಲು ಕೊಟ್ಟ ದಿನದಿಂದ, ಗೊತ್ತು ಮಾಡಿದ್ದರೆ ಆ ಉದ್ರಿ ಅವಧಿ ಮುಗಿದ ದಿನದಿಂದ. 2023ರ ಮಾರ್ಚ್ 15ರ ಬಿಲ್ಲು, 60 ದಿನದ ಉದ್ರಿ ಅಂದುಕೊಳ್ಳಿ. ಉದ್ರಿ ಮುಗಿಯುವುದು ಮೇ 14ಕ್ಕೆ, ದಾವೆಯ ಗಡಿ 2026ರ ಮೇ 14. ಗದಗಿನ ಒಬ್ಬರೇ ಗಿರಾಕಿಗೆ ಹನ್ನೆರಡು ಬಿಲ್ಲು ಹಾಕಿದ್ದರೆ ಹನ್ನೆರಡಕ್ಕೂ ಬೇರೆ ಬೇರೆ ಕೊನೇ ದಿನ ಇರಬಹುದು. "ಖಾತೆ ಚಾಲೂ ಐತಲ್ರಿ" ಅನ್ನುವ ಧೈರ್ಯ ಎಲ್ಲ ಕಡೆ ನಡೆಯುವುದಿಲ್ಲ. ಎರಡೂ ಕಡೆಯಿಂದ ಕೊಡುವುದು-ತೆಗೆದುಕೊಳ್ಳುವುದು ಇರುವ ಖಾತೆಗೆ ಲೆಕ್ಕ ಬೇರೆ, ನೀವು ಮಾಲು ಕೊಡುತ್ತ ಅವರು ಹಣ ಕಟ್ಟುತ್ತ ಹೋದ ಖಾತೆಗೆ ಬೇರೆ.

ಈ ಮೂರು ವರ್ಷವನ್ನು ಹೊಸದಾಗಿ ಶುರು ಮಾಡಿಸಬಹುದು. ಗಡುವು ಮುಗಿಯುವುದಕ್ಕೆ ಮುಂಚೆ ಬಾಕಿದಾರರು ಬಾಕಿ ಇದೆ ಎಂದು ಬರೆದು ಸಹಿ ಹಾಕಿ ಕೊಟ್ಟರೆ ಆ ಸಹಿಯ ದಿನದಿಂದ ಹೊಸ ಮೂರು ವರ್ಷ. ಭಾಗಶಃ ಹಣ ಕೊಟ್ಟರೂ ಹಾಗೆಯೇ, ಆದರೆ ಕೊಟ್ಟದ್ದಕ್ಕೆ ಅವರ ಕೈಬರಹವೋ ಸಹಿಯೋ ಬೇಕು. ಅದಕ್ಕೇ ಹಳೇ ಕಾಲದ ಸಾವಕಾರರು ವರ್ಷಕ್ಕೊಮ್ಮೆ ಖಾತೆ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದದ್ದು. ಈಗ ಮಾರ್ಚ್ ಕೊನೆಗೆ ಬಾಕಿ ದೃಢೀಕರಣ ಪತ್ರ ಕಳಿಸುವ ರೂಢಿ ಕೆಲವರಲ್ಲಿ ಉಳಿದಿದೆ. ಮೂರು ವರ್ಷ ದಾಟಿ ಒಂದೇ ದಿನವಾಗಿದ್ದರೂ ತಡವನ್ನು ಮನ್ನಿಸಿ ಎಂದು ದಾವೆಯಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ಆ ಅವಕಾಶ ಇರುವುದು ಅಪೀಲಿಗೆ, ಅರ್ಜಿಗಳಿಗೆ.

ಈಗ ಮಧ್ಯಸ್ಥಿಕೆಯ ಮಾತು. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದದ್ದು 2015ರಲ್ಲಿ. ಮೊದಲು ಒಂದು ಕೋಟಿಗಿಂತ ಕಡಿಮೆ ಬಾಬ್ತಿಗೆ ಅದು ತಾಗುತ್ತಿರಲಿಲ್ಲ. 2018ರ ತಿದ್ದುಪಡಿ ಅದನ್ನು 3 ಲಕ್ಷಕ್ಕೆ ಇಳಿಸಿತು. ದಾವೆ ಹಾಕುವ ದಿನದವರೆಗಿನ ಬಡ್ಡಿಯೂ ಈ 3 ಲಕ್ಷದಲ್ಲಿ ಸೇರುತ್ತದೆ. ಅಸಲು 2 ಲಕ್ಷ 80 ಸಾವಿರ, ಬಡ್ಡಿ 40 ಸಾವಿರ ಆದರೆ ನಿಮ್ಮದು ವಾಣಿಜ್ಯ ದಾವೆಯೇ. ತುರ್ತಾಗಿ ತಡೆಯಾಜ್ಞೆಯಂಥದ್ದು ಬೇಕಾಗಿಲ್ಲದಿದ್ದರೆ ಅಂಥ ದಾವೆಯನ್ನು ನೆಟ್ಟಗೆ ಕೋರ್ಟಿಗೆ ತರುವ ಹಾಗಿಲ್ಲ, ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಹಾಕಬೇಕು. ಇದು ಕಡ್ಡಾಯ, ಇಲ್ಲದಿದ್ದರೆ ದಾವೆ ತಿರಸ್ಕೃತ ಎಂದು 2022ರ ಆಗಸ್ಟ್‌ನಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುಮ್ಮನೆ ಒಂದು ತಡೆಯಾಜ್ಞೆ ಅರ್ಜಿ ಲಗತ್ತಿಸಿ ಇದರಿಂದ ತಪ್ಪಿಸಿಕೊಳ್ಳಬಹುದು ಅನ್ನುವ ಉಪಾಯಕ್ಕೂ 2023ರಲ್ಲಿ ಅದೇ ಕೋರ್ಟು ಕಡಿವಾಣ ಹಾಕಿದೆ.

ಅರ್ಜಿಯ ಫೀ 1,000 ರೂಪಾಯಿ. ಪ್ರಾಧಿಕಾರ ಎದುರಿನವರಿಗೆ ನೋಟಿಸು ಕಳಿಸಿ 10 ದಿನದೊಳಗಿನ ಒಂದು ದಿನಕ್ಕೆ ಕರೆಯುತ್ತದೆ. ಉತ್ತರ ಬಾರದಿದ್ದರೆ ಕೊನೆಯ ನೋಟಿಸು, ಅದಕ್ಕೂ ಬಾರದಿದ್ದರೆ ಮಧ್ಯಸ್ಥಿಕೆ ಶುರುವಾಗಲೇ ಇಲ್ಲ ಎಂಬ ವರದಿ. ಬಂದು ಕುಳಿತರೆ ಮೂರು ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. 3ರಿಂದ 10 ಲಕ್ಷದ ಬಾಬ್ತಿಗೆ ಮಧ್ಯಸ್ಥಿಕೆ ಫೀ 15,000 ರೂಪಾಯಿ, ಇಬ್ಬರೂ ಅರ್ಧರ್ಧ ಕಟ್ಟಬೇಕು. ಅಲ್ಲಿ ರಾಜಿಯಾದರೆ ಆ ಕರಾರಿಗೆ ಪಂಚಾಯ್ತಿ (ಆರ್ಬಿಟ್ರೇಷನ್) ತೀರ್ಪಿನಷ್ಟೇ ಬಲ. ವ್ಯಾಪಾರಸ್ಥರು ಇದನ್ನು ಬರೀ ಶಾಸ್ತ್ರ ಅಂತ ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾಳೆ ಮತ್ತೆ ಅದೇ ಗಿರಾಕಿಗೆ ಮಾಲು ಹಾಕಬೇಕಾದ ಊರಿನಲ್ಲಿ ಎದುರಾಎದುರು ಕುಳಿತು ಮಾತಾಡುವುದಕ್ಕೆ ಇದಕ್ಕಿಂತ ಅಗ್ಗದ ಜಾಗ ಸಿಗುವುದಿಲ್ಲ.

ಮಧ್ಯಸ್ಥಿಕೆಯಲ್ಲಿ ಕಳೆದ ಕಾಲವನ್ನು ಮೂರು ವರ್ಷದ ಲೆಕ್ಕದಿಂದ ಬಿಡುತ್ತಾರೆ. ಬಿಡುತ್ತಾರೆ ಅಂತ ಕೊನೇ ವಾರದಲ್ಲಿ ಅರ್ಜಿ ಹಾಕಬೇಡಿ. ಎದುರಿನವರು ಬರಲೇ ಇಲ್ಲದಿದ್ದರೆ ಎಷ್ಟು ದಿನ ಬಿಡಬೇಕು ಎಂಬುದೇ ಇನ್ನೊಂದು ಜಗಳವಾಗುತ್ತದೆ. ನಮ್ಮ ಕಚೇರಿಯ ಪದ್ಧತಿ: ಗಡಿ ಆರು ತಿಂಗಳು ದೂರ ಇರುವಾಗಲೇ ಮಧ್ಯಸ್ಥಿಕೆ ಅರ್ಜಿ.

ಚೆಕ್ ವಾಪಸಾಗಿದ್ದರೆ ಅದರ ಗಡಿಯಾರ ಬೇರೆಯೇ. ಬ್ಯಾಂಕಿನಿಂದ ಚೆಕ್ ವಾಪಸಾದ ಸುದ್ದಿ ಬಂದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು ಅವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ಕ್ರಿಮಿನಲ್ ದೂರು. ಅದಕ್ಕೆ ಬೇರೆ ಪುಟ ತೆಗೆಯಿರಿ. ಖರೀದಿದಾರ ಸರ್ಕಾರಿ ಇಲಾಖೆಯಾಗಿದ್ದರೆ ದಾವೆಗೆ ಮುಂಚೆ ಎರಡು ತಿಂಗಳ ನೋಟಿಸನ್ನೂ ಸೇರಿಸಿಕೊಳ್ಳಿ.

ಫೈಲಿಂಗ್

ಧಾರವಾಡ ಜಿಲ್ಲೆಯ ವಾಣಿಜ್ಯ ದಾವೆಗಳನ್ನು ಯಾವ ಕೋರ್ಟಿಗೆ ವಹಿಸಿದ್ದಾರೆ, ಅದು ತಿಮ್ಮಸಾಗರದ ಹುಬ್ಬಳ್ಳಿ ಕೋರ್ಟೋ ಧಾರವಾಡವೋ ಎಂಬುದನ್ನು ಕಾಗದ ಒಯ್ಯುವ ಮುಂಚೆ ಫೈಲಿಂಗ್ ಕೌಂಟರಿನಲ್ಲಿ ಕೇಳಿಕೊಳ್ಳಿ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಇದ್ದರೂ ಕೊನೇ ದಿನ ಮಧ್ಯಾಹ್ನ ಆ ಊರಿಂದ ಈ ಊರಿಗೆ ಓಡುವುದು ಯಾರಿಗೂ ಬೇಡ.

ವಾಣಿಜ್ಯ ದಾವೆಯಲ್ಲಿ ಫಿರ್ಯಾದಿನ (ದಾವೆಯ ಮೂಲ ಅರ್ಜಿಯ) ಜೊತೆಗೇ ನಿಮ್ಮ ಹತ್ತಿರ ಇರುವ ಸಂಬಂಧಪಟ್ಟ ಎಲ್ಲ ಕಾಗದ ಹೋಗಬೇಕು. ನಿಮಗೆ ವಿರುದ್ಧವಾದದ್ದೂ ಸೇರಿ. ತುರ್ತು ದಾವೆಯಾದರೆ ಉಳಿದ ಕಾಗದ ಕೊಡಲು 30 ದಿನ ಕೇಳಬಹುದು. ಅದು ಬಿಟ್ಟು "ಆಮ್ಯಾಲ ಕೊಡೂಣು" ಅಂತ ಬಚ್ಚಿಟ್ಟ ಡೆಲಿವರಿ ಚಲನ್ನು ಆಮೇಲೆ ಒಳಗೆ ಬರಬೇಕಾದರೆ, ಮೊದಲೇ ಯಾಕೆ ಕೊಡಲಿಲ್ಲ ಎಂಬುದಕ್ಕೆ ಕೋರ್ಟು ಒಪ್ಪುವಂಥ ಕಾರಣ ಬೇಕು. ವಾಟ್ಸಾಪ್ ಮಾತುಕತೆ ಪ್ರಿಂಟ್ ಹಾಕಿದ್ದರೆ ಅದರ ಪ್ರಮಾಣಪತ್ರವನ್ನೂ ಆಗಲೇ ಮಾಡಿಸಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ನಮೂನೆಯಲ್ಲಿ ಎರಡು ಭಾಗವಿದೆ. ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ಪರಿಣತರು. ಪರಿಣತರನ್ನು ಹುಡುಕುವುದಕ್ಕೇ ವಾರ ಹೋಗುತ್ತದೆ.

ಪಾಲುದಾರಿಕೆ ಸಂಸ್ಥೆಯಾದರೆ ನೋಂದಣಿ ಆಗಿದೆಯೋ ಎಂದು ಮೊದಲು ನೋಡಿ. ನೋಂದಣಿ ಇಲ್ಲದ ಫರ್ಮು ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕಲು ಬರುವುದಿಲ್ಲ. ಫಿರ್ಯಾದಿನಲ್ಲಿ ಬರೆದದ್ದು ನಿಜ ಎಂದು ಹೇಳುವ ಸ್ಟೇಟ್‌ಮೆಂಟ್ ಆಫ್ ಟ್ರುತ್ ಎಂಬ ಪ್ರಮಾಣಪತ್ರಕ್ಕೆ (ಅಫಿಡವಿಟ್‌ಗೆ) ಸಹಿ ಹಾಕುವ ಪಾಲುದಾರರು ಊರಲ್ಲಿ ಇರಬೇಕು. ತಿರುಪತಿಗೆ ಹೋದ ಅಣ್ಣಾವ್ರಿಗಾಗಿ ಫೈಲು ನಾಲ್ಕು ದಿನ ಕಾದದ್ದು ಉಂಟು. ಫೈಲ್ ಮಾಡಿದ ಮೇಲೆ ಕಚೇರಿ ಆಕ್ಷೇಪಣೆ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ. ಓದಲು ಬಾರದ ಜೆರಾಕ್ಸು, ಒಂದು ಪುಟಕ್ಕೆ ಬಿಟ್ಟುಹೋದ ಸಹಿ, ಕೋರ್ಟ್ ಫೀ ನೂರು ರೂಪಾಯಿ ಕಡಿಮೆ: ಇಂಥವೇ. ಕೆಂಪು ತಾರೀಖು ಇರುವುದು ಇದಕ್ಕಾಗಿ.

ಫೈಲಾದ ಮೇಲೆ ವಾದಿಗಳು ಮರೆಯುವ ಒಂದು ಗಡುವಿದೆ. ಸಮನ್ಸು ಜಾರಿಯಾಗದೆ ವಾಪಸು ಬಂದರೆ, ವಾಪಸು ಬಂದ ಏಳು ದಿನದೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು. ಸಮನ್ಸು ಕಳಿಸಲು ಕಟ್ಟುವ ಪ್ರೊಸೆಸ್ ಫೀಯ ರಸೀದಿ ಪುಸ್ತಕದ ಎಡಪುಟಕ್ಕೆ ಪಿನ್ ಮಾಡಿ.

ಲಕೋಟೆ

ನೀವು ಪ್ರತಿವಾದಿಯಾದರೆ ನಿಮ್ಮ ಇಡೀ ಕೇಸು ಒಂದು ಲಕೋಟೆಯ ಮೇಲೆ ನಿಂತಿರುತ್ತದೆ. ಸಮನ್ಸು ಜಾರಿಯಾದ ದಿನದಿಂದ 30 ದಿನಕ್ಕೆ ಲಿಖಿತ ಹೇಳಿಕೆ ಕೊಡಬೇಕು. ನಮ್ಮ ಬಾಯಲ್ಲಿ ತಕರಾರು, ವಕೀಲರ ಬಾಯಲ್ಲಿ ಡಬ್ಲ್ಯು.ಎಸ್. 30 ದಾಟಿದರೆ ಕಾರಣ ಹೇಳಿ, ದಂಡ ಕಟ್ಟಿ, ಹೆಚ್ಚೆಂದರೆ 120ನೇ ದಿನದವರೆಗೆ ಹೋಗಬಹುದು. ಅಲ್ಲಿಗೆ ಮುಗಿಯಿತು. 121ನೇ ದಿನ ತಂದರೆ ತೆಗೆದುಕೊಳ್ಳುವ ಅಧಿಕಾರ ಕೋರ್ಟಿಗೇ ಇಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಾಮಾನ್ಯ ಸಿವಿಲ್ ದಾವೆಯಲ್ಲಿ ಹೀಗಿಲ್ಲ. ಅಲ್ಲಿ 30 ಮತ್ತು 90 ದಿನ, ಅದರಾಚೆಗೂ ಕೋರ್ಟಿಗೆ ಸ್ವಲ್ಪ ಕರುಣೆ ತೋರಲು ಅವಕಾಶವಿದೆ. ಹೊಲದ ಕೇಸಿನಲ್ಲಿ ಆರು ತಿಂಗಳಿಗೆ ತಕರಾರು ಕೊಟ್ಟ ಅನುಭವ ಇಟ್ಟುಕೊಂಡು ವ್ಯಾಪಾರದ ದಾವೆಗೆ ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಜೂನ್ 10ಕ್ಕೆ ಲಕೋಟೆ ಬಂತು ಅನ್ನಿ. ಜೂನ್ 11 ಒಂದನೇ ದಿನ. 30ನೇ ದಿನ ಜುಲೈ 10. 120ನೇ ದಿನ ಅಕ್ಟೋಬರ್ 8. ಅಕ್ಟೋಬರ್ 8 ಅಂದರೆ ದಸರಾ ರಜೆಯ ಆಸುಪಾಸು. ಕೊನೇ ದಿನ ಕೋರ್ಟಿಗೆ ರಜೆ ಬಿದ್ದರೆ ತೆರೆದ ದಿನ ಕೊಡಬಹುದು ಎಂಬ ನಿಯಮವಿದೆ, ನಿಜ. ಆ ನಿಯಮವನ್ನು ಮೂಲ ಅವಧಿಗೆ ಇಟ್ಟುಕೊಳ್ಳಿ. ದಯೆಯ ಮೇಲೆ ಸಿಕ್ಕ ಹೆಚ್ಚುವರಿ ದಿನಕ್ಕೂ ಅದು ಸಲ್ಲುತ್ತದೆ ಎಂದು ನಂಬಿ ಕೂರಬೇಡಿ.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಒಬ್ಬ ಕಕ್ಷಿದಾರರು ಸಮನ್ಸು ತಂದಾಗ "ಯಾವಾಗ ಬಂತ್ರಿ ಇದು?" ಅಂತ ಕೇಳಿದೆ. "ಹ್ವಾದ ವಾರ" ಅಂದರು. ನಾನು ಹೋದ ವಾರದ ತಾರೀಖು ಹಾಕಿ 30 ಎಣಿಸಿ ಡೈರಿ ಮಾಡಿದೆ. ತಕರಾರು ತೆಗೆದುಕೊಂಡು ಹೋದ ದಿನ ಎದುರಿನ ವಕೀಲರು ಎದ್ದು ನಿಂತು ಅಂಚೆ ಇಲಾಖೆಯ ಸ್ವೀಕೃತಿ ತೋರಿಸಿದರು. ಲಕೋಟೆಯನ್ನು ಗೋಡೌನಿನ ವಾಚ್‌ಮನ್ ಸಹಿ ಹಾಕಿ ತೆಗೆದುಕೊಂಡು ಮೂರು ವಾರ ಬೀಗದ ಕೈ ತೂಗುಹಾಕುವ ಮೊಳೆಯ ಹಿಂದೆ ಸಿಕ್ಕಿಸಿದ್ದ. ಮಾಲೀಕರ ಕೈಗೆ ಬಂದದ್ದು ಹೋದ ವಾರ, ಜಾರಿಯಾದದ್ದು ಮೂರು ವಾರ ಮುಂಚೆ. 120ರೊಳಗೆ ಇದ್ದದ್ದರಿಂದ ದಂಡಕ್ಕೆ ಮುಗಿಯಿತು. ಆ ದಂಡಕ್ಕಿಂತ ನಮ್ಮ ಸೀನಿಯರ್ ಆ ದಿನ ಸಂಜೆ ನನ್ನ ಜೊತೆ ಮಾತಾಡದೆ ಇದ್ದದ್ದು ಹೆಚ್ಚು ಚುರುಕು ಮುಟ್ಟಿಸಿತು.

ಅಂದಿನಿಂದ ಲಕೋಟೆಯನ್ನೇ ಕೇಳುತ್ತೇನೆ. ಖಾಲಿಯಾದರೂ ಸರಿ, ಹರಿದಿದ್ದರೂ ಸರಿ. ಅಂಚೆಯ ಮುದ್ರೆ ನೋಡುತ್ತೇನೆ, ಟ್ರ್ಯಾಕಿಂಗ್ ನಂಬರು ಹಾಕಿ ಯಾವ ದಿನ ಬಟವಾಡೆ ಆಗಿದೆ ಎಂದು ಪ್ರಿಂಟ್ ತೆಗೆಯುತ್ತೇನೆ. ಕೋರ್ಟಿನ ಬೇಲಿಫ್ (ಸಮನ್ಸು ಮುಟ್ಟಿಸುವ ನೌಕರ) ತಂದದ್ದಾದರೆ ಯಾರು ಸಹಿ ಹಾಕಿದರು ಎಂದು ಹೆಸರು ಬರೆಯುತ್ತೇನೆ. ಒಳಗೆ ಫಿರ್ಯಾದಿನ ಪ್ರತಿ ಇತ್ತೋ ಬರೀ ಸಮನ್ಸಿನ ಹಾಳೆಯೋ ಎಂಬುದನ್ನೂ ಬರೆಯುತ್ತೇನೆ. ಪ್ರತಿ ಇಲ್ಲದೆ ಬಂದಿದ್ದರೆ ಎಣಿಕೆ ಯಾವತ್ತಿನಿಂದ ಎಂದು ವಾದಿಸಲು ವಕೀಲರಿಗೆ ಜಾಗ ಉಂಟು. ಅಂಗಡಿಯವರಿಗೆ ಒಂದೇ ಮಾತು: ಒಂದು ತಾರೀಖಿನ ರಬ್ಬರ್ ಸ್ಟಾಂಪು ತನ್ನಿ, ಬಂದ ಲಕೋಟೆಗೆ ಅಲ್ಲೇ ಹೊಡೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದು ಅದೇ ದಿನ ವಕೀಲರಿಗೆ ಕಳಿಸಿ. ಗೋಕುಲ ರೋಡಿನ ಆ ವ್ಯಾಪಾರಿ ಈಗ ಗೋಡೌನಿಗೂ ಒಂದು ಸ್ಟಾಂಪು ಕೊಟ್ಟಿದ್ದಾರೆ.

ತಕರಾರು ಸಲ್ಲಿಕೆಯಾದ ಮೇಲೆ ಒಂದಾದ ಮೇಲೊಂದು ಗಡುವು ಕೊಂಡಿಯ ಹಾಗೆ ಬರುತ್ತವೆ. ತಕರಾರು ಸಲ್ಲಿಸಿದ 30 ದಿನದೊಳಗೆ ಒಬ್ಬರ ಕಾಗದವನ್ನು ಇನ್ನೊಬ್ಬರು ಪರಿಶೀಲಿಸಬೇಕು. ಅದಾಗಿ 15 ದಿನದೊಳಗೆ ಯಾವ ಕಾಗದ ಒಪ್ಪುತ್ತೀರಿ, ಯಾವುದು ಇಲ್ಲ ಎಂದು ಪ್ರಮಾಣಪತ್ರ ಕೊಡಬೇಕು. "ಎಲ್ಲಾ ಸುಳ್ಳು" ಅಂದರೆ ನಡೆಯುವುದಿಲ್ಲ. ಈ ಬಿಲ್ಲಿನ ಸಹಿ ನಮ್ಮವರದಲ್ಲ, ಈ ಮಾಲು ಮುಟ್ಟೇ ಇಲ್ಲ ಎಂದು ಒಂದೊಂದಕ್ಕೂ ಕಾರಣ ಬೇಕು. ಆ ಕೆಲಸಕ್ಕೆ ನಿಮ್ಮ ಅಕೌಂಟೆಂಟ್ ಎರಡು ದಿನ ವಕೀಲರ ಕಚೇರಿಯಲ್ಲಿ ಕೂರಬೇಕಾಗುತ್ತದೆ. ಮೊದಲೇ ಹೇಳಿಡಿ.

ಕೊನೆಯಿಂದ ಮೊದಲಿಗೆ

ಇನ್ನು ಮುಖ್ಯವಾದ ದಿನ. ಒಪ್ಪಿಗೆ-ನಿರಾಕರಣೆಯ ಪ್ರಮಾಣಪತ್ರ ಎಲ್ಲರಿಂದ ಬಂದ ನಾಲ್ಕು ವಾರದೊಳಗೆ ಕೋರ್ಟು ಮೊದಲನೇ ಕೇಸ್ ಮ್ಯಾನೇಜ್‌ಮೆಂಟ್ ವಿಚಾರಣೆ ನಡೆಸುತ್ತದೆ. ವಿವಾದಾಂಶ ರಚನೆ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳ ಪಟ್ಟಿ), ಸಾಕ್ಷಿಗಳ ಪಟ್ಟಿ, ಸಾಕ್ಷಿಗಳ ಪ್ರಮಾಣಪತ್ರಕ್ಕೆ ತಾರೀಖು, ಪಾಟೀ ಸವಾಲಿಗೆ (ಎದುರಿನ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ) ತಾರೀಖು, ಲಿಖಿತ ವಾದಕ್ಕೆ ತಾರೀಖು, ಮೌಖಿಕ ವಾದಕ್ಕೆ ತಾರೀಖು, ಎಲ್ಲ ಅವತ್ತೇ ಗೊತ್ತಾಗುತ್ತವೆ. ಆ ದಿನದಿಂದ ಆರು ತಿಂಗಳೊಳಗೆ ವಾದ ಮುಗಿಯುವಂತೆ ತಾರೀಖು ಹಾಕಬೇಕೆಂದು ಕಾನೂನು. ಅಲ್ಲಿ ಬರೀ ಕೈಯಲ್ಲಿ ನಿಂತವರಿಗೆ ಕೋರ್ಟು ಕೊಟ್ಟ ತಾರೀಖೇ ಗತಿ. ಸ್ವಂತ ಪಟ್ಟಿ ತಂದವರ ಮಾತು ಕೋರ್ಟು ಸಾಮಾನ್ಯವಾಗಿ ಕೇಳುತ್ತದೆ.

ಪಟ್ಟಿ ಮಾಡುವಾಗ ಮುಂದಿನಿಂದ ಶುರು ಮಾಡಬೇಡಿ, ಕೊನೆಯಿಂದ ಹಿಂದಕ್ಕೆ ಬನ್ನಿ. ಜನವರಿ 5ಕ್ಕೆ ಮೊದಲ ವಿಚಾರಣೆ ಅಂದುಕೊಳ್ಳೋಣ. ಜುಲೈ 5ಕ್ಕೆ ವಾದ ಮುಗಿಯಬೇಕು. ಮೌಖಿಕ ವಾದ ಜೂನ್ 15ಕ್ಕೆ ಶುರು ಎಂದಿಡಿ. ಅದಕ್ಕೆ ನಾಲ್ಕು ವಾರ ಮುಂಚೆ ಲಿಖಿತ ವಾದ ಒಳಗೆ ಹೋಗಬೇಕು, ಅಂದರೆ ಮೇ 18. ಮೇ ಅಂದರೆ ಬೇಸಿಗೆ ರಜೆ. ಹಾಗಾಗಿ ಲಿಖಿತ ವಾದ ಏಪ್ರಿಲ್ ಕೊನೆಗೇ ತಯಾರಿರಬೇಕು. ಸಾಕ್ಷಿ ಮುಗಿಯದೆ ವಾದ ಬರೆಯಲಾಗದು, ಆದ್ದರಿಂದ ಎರಡೂ ಕಡೆಯ ಸಾಕ್ಷಿ ಏಪ್ರಿಲ್ ಮಧ್ಯಕ್ಕೆ ಮುಗಿಯಬೇಕು. ಪಾಟೀ ಸವಾಲಿಗೆ ಆರು ವಾರ ಕೊಟ್ಟರೆ ಅದು ಫೆಬ್ರವರಿ ಕೊನೆಗೆ ಶುರು. ನಿಮ್ಮ ಎಲ್ಲ ಸಾಕ್ಷಿಗಳ ಪ್ರಮಾಣಪತ್ರ ಒಟ್ಟಿಗೇ, ಫೆಬ್ರವರಿ ಮೊದಲ ವಾರದೊಳಗೆ. ಆರು ತಿಂಗಳು ಅಂದಾಗ ಉದ್ದ ಕಾಣುತ್ತದೆ. ಹಿಂದಕ್ಕೆ ಎಣಿಸಿದಾಗ ನಿಮ್ಮ ಕೈಯಲ್ಲಿ ನಾಲ್ಕು ವಾರ.

ಈಗ ಇದರ ಮೇಲೆ ವ್ಯಾಪಾರದ ಕ್ಯಾಲೆಂಡರ್ ಇಡಿ. ಮೇಲಿನ ಪಟ್ಟಿಯಲ್ಲಿ ಪಾಟೀ ಸವಾಲು ಬಿದ್ದದ್ದು ಮಾರ್ಚ್‌ಗೆ. ಸಾಕ್ಷಿ ಕಟ್ಟೆ ಹತ್ತಬೇಕಾದವರು ಯಾರು? ನಿಮ್ಮ ಅಕೌಂಟೆಂಟ್. ವರ್ಷಾಂತ್ಯದ ಲೆಕ್ಕ ಬಿಟ್ಟು ಅವರು ಕೋರ್ಟಿಗೆ ಬರಬೇಕು. ಹಾವೇರಿ ಜಿಲ್ಲೆಯ ಮೆಣಸಿನಕಾಯಿ ವ್ಯಾಪಾರಿಗೆ ಅದೇ ತಿಂಗಳು ಸುಗ್ಗಿ. ಬ್ಯಾಡಗಿ ಮಾರುಕಟ್ಟೆಯ ಸೋಮವಾರ, ಗುರುವಾರ ದಲಾಲರು ಅಂಗಡಿ ಬಿಟ್ಟು ಅಲ್ಲಾಡುವುದಿಲ್ಲ. ಇದನ್ನೆಲ್ಲ ಜನವರಿ 5ಕ್ಕೇ ಹೇಳಬೇಕು: "ನಮ್ಮ ಸಾಕ್ಷಿಗೆ ಮಂಗಳವಾರ, ಬುಧವಾರ ಕೊಡಿ, ಮಾರ್ಚ್ 20ರ ನಂತರ ಬೇಡ." ತಾರೀಖು ಗೊತ್ತಾದ ಮೇಲೆ ಮಾರ್ಚ್‌ನಲ್ಲಿ ಹೋಗಿ ಸುಗ್ಗಿ ಅಂದರೆ ಅದು ನೆಪ ಅನ್ನಿಸಿಕೊಳ್ಳುತ್ತದೆ. ದೀಪಾವಳಿ ಲಕ್ಷ್ಮೀಪೂಜೆಯ ವಾರ, ಮಗಳ ಮದುವೆ, ಲಾರಿ ಡ್ರೈವರ್ ಊರಿಗೆ ಹೋಗುವ ಜಾತ್ರೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ವಿಚಾರಣೆಯ ಮುಂಚಿನ ವಾರ ವಕೀಲರ ಕೈಗೆ ಕೊಡಿ.

ಮೌಖಿಕ ವಾದ ಮುಗಿದ ಮೇಲೂ ತಿದ್ದಿದ ಲಿಖಿತ ವಾದ ಕೊಡಲು ಒಂದು ವಾರ ಸಿಗುತ್ತದೆ. ಅದು ಬೋನಸ್ಸು, ಅದನ್ನು ನಂಬಿ ಮೊದಲನೆಯದನ್ನು ಅರೆಬರೆ ಬರೆಯಬೇಡಿ.

ವಾಯಿದೆ

ವಾಯಿದೆ, ಅಂದರೆ ತಾರೀಖು ಮುಂದೆ ಹಾಕಿ ಎಂದು, ಕೇಳುವುದು ತಪ್ಪಲ್ಲ, ತಡವಾಗಿ ಕೇಳುವುದು ತಪ್ಪು. ಒಂದು ದಾವೆಯಲ್ಲಿ ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ತೀರ ಅನಿವಾರ್ಯ ಸಂದರ್ಭಕ್ಕೆ ಕೋರ್ಟು ಸಡಿಲ ಬಿಡಬಹುದು. ಬಿಡಲೇಬೇಕೆಂದಿಲ್ಲ. ವಕೀಲರು ಬಂದಿಲ್ಲ ಎಂಬ ಒಂದೇ ಕಾರಣಕ್ಕೆ ಕೇಸ್ ಮ್ಯಾನೇಜ್‌ಮೆಂಟ್ ವಿಚಾರಣೆ ಮುಂದೆ ಹೋಗುವುದಿಲ್ಲ. ಮೊದಲೇ ಅರ್ಜಿ ಹಾಕಿದ್ದರೆ ದಂಡದ ಮೇಲೆ ಹೋಗಬಹುದು. ಅಂದರೆ ಸಾಕ್ಷಿಗೆ ಡೆಂಗಿ ಬಂದದ್ದು ಸೋಮವಾರ ಗೊತ್ತಾದರೆ ಸೋಮವಾರವೇ ಆಸ್ಪತ್ರೆಯ ಕಾಗದದ ಜೊತೆ ವಕೀಲರಿಗೆ ತಿಳಿಸಿ. ಎದುರಿನ ವಕೀಲರಿಗೂ ಒಂದು ಫೋನು ಹೋಗಲಿ. ಅವರ ಸಾಕ್ಷಿ ಗದಗಿನಿಂದ ಬಸ್ ಹತ್ತುವ ಮುಂಚೆ ಗೊತ್ತಾದರೆ ಅವರು ಆಕ್ಷೇಪ ಎತ್ತುವುದು ಕಡಿಮೆ.

ಹಾಜರಾಗದೆ ಕೇಸು ಹೋದರೆ ಅದಕ್ಕೂ ಗಡಿಯಾರ ಉಂಟು. ಗೈರುಹಾಜರಿಗೆ ದಾವೆ ವಜಾ ಆದರೆ ಮತ್ತೆ ತೆರೆಯಲು 30 ದಿನ, ಏಕಪಕ್ಷೀಯ ಡಿಕ್ರಿ ತೆಗೆಸಲೂ 30 ದಿನ. ಏಕಪಕ್ಷೀಯ ತಡೆಯಾಜ್ಞೆ ನಿಮ್ಮ ಪರ ಸಿಕ್ಕಿತು ಅಂತ ಪೇಢಾ ಹಂಚುವ ಮುಂಚೆ, ಅದೇ ದಿನ ಅಥವಾ ಮರುದಿನದೊಳಗೆ ಎದುರಿನವರಿಗೆ ಕಾಗದಗಳ ಪ್ರತಿ ಕಳಿಸಿ ಕೋರ್ಟಿಗೆ ಪ್ರಮಾಣಪತ್ರ ಕೊಡಿ. ನಿಮ್ಮ ಮೇಲೆ ಅಂಥ ಆಜ್ಞೆ ಬರಬಹುದೆಂಬ ಗುಮಾನಿ ಇದ್ದರೆ, ನಮ್ಮನ್ನು ಕೇಳದೆ ಆಜ್ಞೆ ಕೊಡಬೇಡಿ ಎಂದು ಮುಂಚೆಯೇ ಕೋರ್ಟಿಗೆ ಕೇವಿಯಟ್ ಹಾಕಬಹುದು. ಅದರ ಆಯಸ್ಸು 90 ದಿನ. 83ನೇ ದಿನಕ್ಕೆ ಕೆಂಪು ಶಾಯಿ.

ಬೆಳಗಿನ ಲಿಸ್ಟು

ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಇರುತ್ತದೆ, ಕರ್ನಾಟಕದ್ದು ಕೆ.ಎ. ಎಂದು ಶುರುವಾಗುತ್ತದೆ. ಅದನ್ನು ಪುಸ್ತಕದ ತಲೆಯಲ್ಲಿ ಬರೆಯಿರಿ, ಇ-ಕೋರ್ಟ್ಸ್ ಆ್ಯಪಿನಲ್ಲಿ ಉಳಿಸಿಕೊಳ್ಳಿ. ಮುಂದಿನ ತಾರೀಖು, ಹಂತ, ಹಿಂದಿನ ಆದೇಶ ಅಲ್ಲೇ ಕಾಣುತ್ತವೆ. ಹಿಂದಿನ ದಿನ ಸಂಜೆ ಒಮ್ಮೆ, ಆ ದಿನ ಬೆಳಿಗ್ಗೆ ಒಮ್ಮೆ ಕಾಸ್ ಲಿಸ್ಟ್ (ಆ ದಿನ ಕೋರ್ಟಿನ ಮುಂದೆ ಬರುವ ಕೇಸುಗಳ ಪಟ್ಟಿ) ನೋಡಿ. ಜಡ್ಜ್ ಸಾಹೇಬರು ರಜೆಯಲ್ಲಿದ್ದರೆ ಅದೂ ಆಗಲೇ ಗೊತ್ತಾಗಿ ಹಾವೇರಿಯಿಂದ ಬರುವ ಸಾಕ್ಷಿಯ ಒಂದು ದಿನ ಉಳಿಯುತ್ತದೆ. ಆ್ಯಪ್ ಎಡಪುಟಕ್ಕೆ ಮಾತ್ರ. ಬಲಪುಟವನ್ನು ಯಾವ ಆ್ಯಪೂ ಬರೆದುಕೊಡುವುದಿಲ್ಲ. ಹುಬ್ಬಳ್ಳಿಯಲ್ಲೊಂದು, ಗದಗಿನಲ್ಲೊಂದು ಕೇಸು ಒಂದೇ ದಿನ ಬಿದ್ದರೆ ಆ ಗೊಂದಲ ಡೇಟ್ ಕೊಡುವ ಗಳಿಗೆಯಲ್ಲೇ ಹೇಳಿ ಬದಲಿಸಿಕೊಳ್ಳುವಂಥದ್ದು. ಜೂನಿಯರ್ ಕೈಯಲ್ಲಿ ಆ ಎರಡೂ ಪುಟ ಇರಲಿ.

ತೀರ್ಪಿನ ದಿನ

ವಾದ ಮುಗಿದ 90 ದಿನದೊಳಗೆ ತೀರ್ಪು ಬರಬೇಕೆಂದು ವಾಣಿಜ್ಯ ದಾವೆಯ ನಿಯಮ. ಸೋತವರಿಗೆ ಅಪೀಲಿಗೆ 60 ದಿನ. ಜಿಲ್ಲಾ ನ್ಯಾಯಾಧೀಶರ ದರ್ಜೆಯ ವಾಣಿಜ್ಯ ಕೋರ್ಟಿನ ತೀರ್ಪಾದರೆ ಅಪೀಲು ಹೈಕೋರ್ಟಿಗೆ. ಧಾರವಾಡ, ಗದಗ, ಹಾವೇರಿಯವರಿಗೆ ಅದು ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದು. ಅದಕ್ಕೂ ಮುಂಚೆ ಇದೇ ಅಪೀಲಿಗೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದೆವು, ಅಪೀಲಿನ ದಿನ ಎಣಿಸುವಾಗ ಪ್ರಯಾಣದ ದಿನವನ್ನೂ ಎಣಿಸುತ್ತಿದ್ದೆವು. 60 ದಾಟಿದ ತಡವನ್ನು ವಾಣಿಜ್ಯ ಅಪೀಲಿನಲ್ಲಿ ಸಣ್ಣದಾಗಿದ್ದರೆ, ಕಾರಣ ಗಟ್ಟಿಯಿದ್ದರೆ ಮಾತ್ರ ಮನ್ನಿಸುತ್ತಾರೆ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ನೆನಪಿಡಿ.

ದೃಢೀಕೃತ ನಕಲಿಗೆ ತೀರ್ಪು ಬಂದ ದಿನವೇ ಅರ್ಜಿ ಹಾಕಿ. ಗೆದ್ದಿದ್ದರೂ ಹಾಕಿ, ವಸೂಲಿಗೆ ಬೇಕು. ನಕಲು ತಯಾರಾಗಲು ಹಿಡಿದ ದಿನಗಳನ್ನು ಅಪೀಲಿನ ಲೆಕ್ಕದಲ್ಲಿ ಬಿಡುತ್ತಾರೆ, ನೀವು ಅರ್ಜಿ ಹಾಕದೆ ಕಳೆದ ದಿನಗಳನ್ನು ಬಿಡುವುದಿಲ್ಲ. ಅರ್ಜಿ ಕೊಟ್ಟ ತಾರೀಖು, ನಕಲು ಸಿದ್ಧವಾದ ತಾರೀಖು, ಕೈಗೆ ಕೊಟ್ಟ ತಾರೀಖು ನಕಲಿನ ಮೇಲೇ ಬರೆದಿರುತ್ತವೆ. ಆ ಪುಟದ ಫೋಟೋ ತೆಗೆದು ಬಲಪುಟಕ್ಕೆ ಅಂಟಿಸಿ. ಸಿದ್ಧವಾಗಿದೆ ಎಂದು ಬೋರ್ಡಿಗೆ ಹಾಕಿದ ಮೇಲೂ ತರದೆ ಬಿಟ್ಟ ದಿನಗಳು ನಿಮ್ಮ ಖಾತೆಗೇ ಖರ್ಚು.